ಸುಟ್ಟ ಮೆಣಸಿನಕಾಯಿಯ ಕುರಿ ಸಾರು: ಯಾವ ಕಾಯಿ, ಯಾವ ಬೆಂಕಿ, ಯಾವ ಖಂಡ?

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯಕ್ಕೆ ಒಂದು ಅಧಿಕೃತ ಪ್ರಶ್ನೆ ಇದೆ. ರಾಜ್ಯಪಕ್ಷಿ, ರಾಜ್ಯಪುಷ್ಪ ಇದ್ದ ಹಾಗೆ ರಾಜ್ಯಪ್ರಶ್ನೆ! "ಕೆಂಪೋ, ಹಸಿರೋ?" ಊಟಕ್ಕೆ ಕುಳಿತವರಿಗೆ ಯಾವ ಮೆಣಸಿನಕಾಯಿ ಬೇಕು ಅಂತ ಕೇಳುವ ಮಾತು ಅದು. ಎರಡೂ ಬೇಕು ಅನ್ನುವವರು "ಕ್ರಿಸ್‌ಮಸ್" ಅನ್ನುತ್ತಾರೆ. ಮೆಣಸಿನಕಾಯಿಗೆ ಇಷ್ಟು ಮರ್ಯಾದೆ ಕೊಡುವ ಇನ್ನೊಂದು ಸೀಮೆ ಹುಡುಕಿದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಗೇ ಬರಬೇಕಾಗುತ್ತದೆ ಅಲ್ವಾ?

ಅಲ್ಲಿಯ ಮನೆಮನೆಯ ಅಡುಗೆ ಸುಟ್ಟ ಹಸಿರು ಮೆಣಸಿನಕಾಯಿಯ ಸ್ಟ್ಯೂ. ಹಂದಿ ಮಾಂಸದಲ್ಲಿ ಮಾಡುವವರು ಜಾಸ್ತಿ. ಕುರಿ ಸಾಕುವ ಅಲ್ಲಿಯ ಮೂಲನಿವಾಸಿ ನವಾಹೋ ಜನರಲ್ಲಿ ಕುರಿ ಖಂಡದ ಸ್ಟ್ಯೂ ಬಹಳ ಹಳೆಯದು. ದೊಡ್ಡ ತುಂಡು, ಆಲೂಗಡ್ಡೆ, ಉಳ್ಳಾಗಡ್ಡಿ, ಸುಟ್ಟು ಸಿಪ್ಪೆ ಸುಲಿದ ಮೆಣಸಿನಕಾಯಿ, ಸ್ವಲ್ಪ ಜೀರಿಗೆ, ಅಷ್ಟೇ. ಕೊಬ್ಬರಿ ಇಲ್ಲ, ಗಸಗಸೆ ಇಲ್ಲ, ಚಕ್ಕೆ ಲವಂಗ ಇಲ್ಲ.

ಇದನ್ನು ನಮ್ಮ ಕಡೆ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತಾರೆ. ನಮ್ಮ ಖಂಡದ ಸಾರಿನಲ್ಲಿ ಮೆಣಸಿನಕಾಯಿ ಮಸಾಲೆ. ಅಲ್ಲಿ ಅದು ಕಾಯಿಪಲ್ಲೆ. ಒಂದು ಕಿಲೋ ಖಂಡಕ್ಕೆ ಹತ್ತಿರ ಹತ್ತಿರ ಅರ್ಧ ಕಿಲೋ ಮೆಣಸಿನಕಾಯಿ ಬೀಳುತ್ತದೆ, ಬದನೆಕಾಯಿ ಹಾಕಿದ ಹಾಗೆ. ಈ ಒಂದು ಮಾತು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನ ಆಯ್ಕೆಗಳೆಲ್ಲ ಸುಲಭ.

ಮೊದಲು ಕಾಯಿ

ಅಲ್ಲಿ ಬಳಸುವುದು ಹ್ಯಾಚ್ ಎಂಬ ಊರಿನ ಸುತ್ತ ಬೆಳೆಯುವ ಉದ್ದನೆಯ ಕಾಯಿ. ಅದು ಸಿಗದ ಕಡೆ ಅನಹೈಮ್ ಅಥವಾ ಪೊಬ್ಲಾನೊ. ಇವೆಲ್ಲ ದಪ್ಪ ತಿರುಳಿನ ಕಾಯಿಗಳು, ಖಾರ ಕಡಿಮೆ. ಖಾರ ಅಳೆಯುವ ಸ್ಕೋವಿಲ್ ಲೆಕ್ಕ 1912ರಲ್ಲಿ ಬಂದದ್ದು. ಅದರ ಪ್ರಕಾರ ಅನಹೈಮ್ 500ರಿಂದ 2,500, ಪೊಬ್ಲಾನೊ 1,000ರಿಂದ 2,000. ನಮ್ಮ ಗುಂಟೂರು ತಳಿಗಳು ಹತ್ತಾರು ಸಾವಿರದ ಲೆಕ್ಕದಲ್ಲಿವೆ. ಅರ್ಧ ಕಿಲೋ ಗುಂಟೂರು ಕಾಯಿ ಸುಟ್ಟು ಹಾಕಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಇಲ್ಲಿ ಯಾವುದು ಸರಿ? ನನ್ನ ಉತ್ತರ ಬಜ್ಜಿ ಮೆಣಸಿನಕಾಯಿ. ಮಂಡಕ್ಕಿ ಒಗ್ಗರಣೆ ಜೊತೆ ಮಿರ್ಚಿ ತಿನ್ನದ ಬಳ್ಳಾರಿ ಇಲ್ಲ, ಕೊಪ್ಪಳ ಇಲ್ಲ. ಹಾಗಾಗಿ ಈ ಕಾಯಿ ವರ್ಷವಿಡೀ ಸಂತೆಯಲ್ಲಿ ಇದ್ದೇ ಇರುತ್ತದೆ. ಉದ್ದ, ಆಕಾರ ಎರಡೂ ಅನಹೈಮ್‌ಗೆ ಹತ್ತಿರ. ಖಾರವೂ ಹದವಾಗಿಯೇ ಇರುತ್ತದೆ, ಆದರೆ ಕಾಯಿಯಿಂದ ಕಾಯಿಗೆ ಬದಲಾಗುತ್ತದೆ. ಒಂದು ಕೊರತೆ ಇದೆ, ತಿರುಳು ಸ್ವಲ್ಪ ತೆಳು. ನಿಧಾನ ಬೆಂಕಿಯಲ್ಲಿ ಸುಡುತ್ತಾ ಕೂತರೆ ಸಿಪ್ಪೆ ಕಪ್ಪಾಗುವಷ್ಟರಲ್ಲಿ ಒಳಗಿನ ತಿರುಳೂ ಮುದ್ದೆಯಾಗಿರುತ್ತದೆ. ಜೋರು ಉರಿ, ಕಡಿಮೆ ಹೊತ್ತು, ಇದೇ ದಾರಿ. ಕೊಳ್ಳುವಾಗ ನೆಟ್ಟಗಿರುವ, ಹೊಳೆಯುವ, ಒತ್ತಿದರೆ ಗಟ್ಟಿ ಅನಿಸುವ ಕಾಯಿ ಆರಿಸಿ. ಸೊಟ್ಟ ಕಾಯಿಯ ಮಡಿಕೆಯೊಳಗೆ ಬೆಂಕಿ ತಾಗುವುದಿಲ್ಲ. ಅಲ್ಲಿ ಸಿಪ್ಪೆ ಅಂಟಿಕೊಂಡೇ ಉಳಿಯುತ್ತದೆ.

ದೊಣ್ಣೆ ಮೆಣಸಿನಕಾಯಿ, ಅಂದರೆ ಕ್ಯಾಪ್ಸಿಕಂ, ಸುಡಲು ಎಲ್ಲಕ್ಕಿಂತ ಸುಲಭ. ತಿರುಳು ದಪ್ಪ, ಸಿಪ್ಪೆ ಹಾಳೆಯಂತೆ ಎದ್ದು ಬರುತ್ತದೆ. ಆದರೆ ಖಾರ ಸೊನ್ನೆ. ಅದೊಂದನ್ನೇ ಹಾಕಿದರೆ ಸಾರು ಸಿಹಿಯಾಗಿ, ನಮ್ಮ ನಾಲಿಗೆಗೆ ಪೆಚ್ಚು ಅನಿಸುತ್ತದೆ. ಮಕ್ಕಳಿಗೆ, ವಯಸ್ಸಾದವರಿಗೆ ಮಾಡುವುದಾದರೆ ಸರಿ. ಉಳಿದವರಿಗೆ ಇದು ಜೊತೆಗಾರನಾಗಿ ಮಾತ್ರ ಇರಲಿ. ಮೂರು ಪಾಲು ಬಜ್ಜಿ ಮೆಣಸಿನಕಾಯಿ, ಒಂದು ಪಾಲು ದೊಣ್ಣೆ ಮೆಣಸಿನಕಾಯಿ ಸೇರಿಸಿದರೆ ತೆಳು ತಿರುಳಿನ ಕೊರತೆ ತುಂಬುತ್ತದೆ.

ದಿನಬಳಕೆಯ ಸಣ್ಣ ಹಸಿಮೆಣಸಿನಕಾಯಿ ಖಾರಕ್ಕಷ್ಟೇ. ಮೂರು ನಾಲ್ಕು ಕಾಯಿ ಹಂಚಿನ ಮೇಲೆ ಸುಟ್ಟು, ಸಿಪ್ಪೆ ಸಮೇತ ಜಜ್ಜಿ ಹಾಕಿ. ಅದರ ಸಿಪ್ಪೆ ಸುಲಿಯಲು ಕೂರುವುದು ಸುಮ್ನೆ ಟೈಮ್ ವೇಸ್ಟ್.

ಇನ್ನು ಕೆಂಪಿನ ಪಂಗಡ. ತುಂಗಭದ್ರಾ ನೀರಾವರಿಯ ಸಿರುಗುಪ್ಪ, ಸಿಂಧನೂರು ಕಡೆ ಮೆಣಸಿನಕಾಯಿ ಹೊಲಗಳಿಗೆ ಬರವಿಲ್ಲ. ನಮ್ಮ ರೈತರು ಚೀಲ ಕಟ್ಟಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಒಯ್ಯುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ, ಮೈಯೆಲ್ಲ ಸುಕ್ಕು. ನ್ಯೂ ಮೆಕ್ಸಿಕೋದ "ಕೆಂಪು" ಮಾಡುವವರಿಗೆ ಬೇಕಾಗಿರುವುದು ಇಂಥದ್ದೇ ಕಾಯಿ. ಬ್ಯಾಡಗಿಯ ಎರಡು ಬಗೆ ಡಬ್ಬಿ, ಕಡ್ಡಿ. ಯಾವುದಾದರೂ ನಡೆಯುತ್ತದೆ. ಡಬ್ಬಿಯಲ್ಲಿ ಬೀಜ ಜಾಸ್ತಿ, ಕೊಡವಿ ತೆಗೆಯಲು ಸ್ವಲ್ಪ ಕೆಲಸ. ಗುಂಟೂರು ಒಣಕಾಯಿ ಬೇಕೆಂದರೆ ಒಂದೋ ಎರಡೋ ಸೇರಿಸಿ, ಅದಕ್ಕಿಂತ ಮುಂದೆ ಹೋಗಬೇಡಿ.

ಒಣಕಾಯಿಯಲ್ಲಿ ಮಾಡುವ ಬಗೆ ಬೇರೆ. ಅದನ್ನು ಕಪ್ಪಾಗುವಂತೆ ಸುಡಬಾರದು, ಸುಟ್ಟರೆ ಕಹಿ. ಸಣ್ಣ ಉರಿಯ ಹಂಚಿನ ಮೇಲೆ ಅರ್ಧ ನಿಮಿಷ ತಿರುವಿದರೆ ಸಾಕು, ಘಮ ಬಂದ ಕೂಡಲೇ ತೆಗೆಯಬೇಕು. ಆಮೇಲೆ ಬಿಸಿ ನೀರಲ್ಲಿ 20 ನಿಮಿಷ ನೆನೆಸಿ, ನುಣ್ಣಗೆ ರುಬ್ಬಿ, ಜರಡಿಯಲ್ಲಿ ಸೋಸಿ. ಕಿಲೋ ಖಂಡಕ್ಕೆ 12ರಿಂದ 15 ಕಾಯಿ. ಸಾರು ದಟ್ಟ ಕೆಂಪಾಗಿ, ಸ್ವಲ್ಪ ಸಿಹಿಯಾಗಿ ಬರುತ್ತದೆ. ರುಚಿ ಚೆನ್ನಾಗಿಯೇ ಇರುತ್ತದೆ. ಆದರೆ ಉಂಡವರು "ಇದು ನಮ್ಮದೇ ಮಟನ್ ಸಾರು, ಮಸಾಲೆ ಮರೆತಿದ್ದೀರಿ" ಅನ್ನುವ ಸಾಧ್ಯತೆ ಇದೆ. ಹೊಸ ರುಚಿ ಬೇಕೆಂದರೆ ಹಸಿರಿಗೇ ನನ್ನ ಓಟು.

ಗಿಡದಲ್ಲೇ ಹಣ್ಣಾದ ಕೆಂಪು ಹಸಿಕಾಯಿ ಸುಗ್ಗಿಯಲ್ಲಿ ಸಿಗುತ್ತದೆ. ಅದು ರಂಜಕಕ್ಕೆ ಚೆಂದ. ತಿರುಳು ತೆಳು, ಸಿಪ್ಪೆ ಬಿಡಿಸಲು ಬರುವುದಿಲ್ಲ, ಈ ಸಾರಿಗೆ ಬೇಡ.

ಸುಡುವುದು ಎಲ್ಲಿ?

ರುಚಿಯ ಮುಕ್ಕಾಲು ಪಾಲು ನಿರ್ಧಾರವಾಗುವುದು ಇಲ್ಲಿ. ಗುರಿ ಒಂದೇ: ಸಿಪ್ಪೆ ಪೂರ್ತಿ ಕಪ್ಪಾಗಿ ಗುಳ್ಳೆ ಏಳಬೇಕು, ತಿರುಳು ಅರ್ಧ ಮಾತ್ರ ಬೇಯಬೇಕು.

ಕೆಂಡಕ್ಕೆ ಸಾಟಿ ಇಲ್ಲ. ಬದನೆಕಾಯಿ ಸುಟ್ಟು ಚಟ್ನಿ ಮಾಡುವ ಮನೆಗಳಿಗೆ ಇದನ್ನು ಕಲಿಸಬೇಕಿಲ್ಲ. ಯಾವ ಕಟ್ಟಿಗೆ ಅನ್ನುವುದೂ ಮುಖ್ಯ. ರಸ್ತೆ ಬದಿ, ಹಳ್ಳದ ದಂಡೆ, ಬೀಳು ಹೊಲ, ಎಲ್ಲೆಂದರಲ್ಲಿ ಬೆಳೆದು ನಿಂತ ಬಳ್ಳಾರಿ ಜಾಲಿ ಇದೆಯಲ್ಲ, ಎಲ್ಲರೂ ಬೈಯುವ ಆ ಮುಳ್ಳುಗಿಡ, ಅದು ನಮ್ಮ ನೆಲದ್ದಲ್ಲ. ಅಮೆರಿಕ ಖಂಡದಿಂದ ಬಂದದ್ದು. ಟೆಕ್ಸಸ್, ನ್ಯೂ ಮೆಕ್ಸಿಕೋದವರು ಮಾಂಸ ಸುಡಲು ಹುಡುಕಿಕೊಂಡು ಹೋಗುವ ಮೆಸ್ಕೀಟ್ ಮರ ಇದರ ಖಾಸಾ ಬಂಧು. ಅಲ್ಲಿ ಮೆಸ್ಕೀಟ್ ಇದ್ದಿಲನ್ನು ಚೀಲದಲ್ಲಿ ತುಂಬಿ ಅಂಗಡಿಯಲ್ಲಿ ಮಾರುತ್ತಾರೆ. ಇಲ್ಲಿ ಇದು ಬಿಟ್ಟಿ. ಕಟ್ಟಿಗೆ ಪೂರ್ತಿ ಒಣಗಿರಬೇಕು, ಉರಿ ಇಳಿದು ಕೆಂಡ ನಿಗಿನಿಗಿ ಅನ್ನುವಾಗ ಜಾಳಿಗೆ ಇಟ್ಟು ಕಾಯಿ ಹಾಕಬೇಕು. ಹಸಿ ಕಟ್ಟಿಗೆಯ ಹೊಗೆ ಕಾಯಿಗೆ ಕಹಿ ಹತ್ತಿಸುತ್ತದೆ.

ಹಿತ್ತಲು ಇಲ್ಲದವರಿಗೆ ಗ್ಯಾಸ್ ಒಲೆ. ಜೋರು ಉರಿಯ ಮೇಲೆ ನೇರವಾಗಿ, ಇಲ್ಲವೇ ಹಪ್ಪಳ ಸುಡುವ ಜಾಳಿಗೆಯ ಮೇಲೆ, ಒಂದು ಸಲಕ್ಕೆ ಮೂರು ನಾಲ್ಕು ಕಾಯಿ. ಇಕ್ಕಳದಿಂದ ತಿರುಗಿಸುತ್ತಾ ಇದ್ದರೆ ನಾಲ್ಕೈದು ನಿಮಿಷದಲ್ಲಿ ಆಗುತ್ತದೆ. ಸುಡುವ ಮೊದಲು ಚಾಕುವಿನ ತುದಿಯಿಂದ ಒಂದು ಸಣ್ಣ ತೂತು ಮಾಡಿ, ಇಲ್ಲದಿದ್ದರೆ ಒಳಗಿನ ಹಬೆಗೆ ಕಾಯಿ ಒಡೆದು ಸಿಡಿಯುತ್ತದೆ. ಕಿಟಕಿ ತೆರೆದಿಡಿ. ಪಕ್ಕದ ಮನೆಯವರು ಕೆಮ್ಮಿದರೆ ಒಂದು ಬಟ್ಟಲು ಸಾರು ಕಳಿಸಿಬಿಡಿ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇರುವ ನಮ್ಮ ಊರವರಿಗೂ ಇದೇ ಸಲಹೆ. ಕೆಂಡಕ್ಕೆ ಹತ್ತು ಅಂಕ ಕೊಟ್ಟರೆ ಇದಕ್ಕೆ ಎಂಟು ಕೊಡಬಹುದು.

ಹಂಚು ಮೂರನೆಯ ಆಯ್ಕೆ. ಹಂಚಿಗೆ ತಾಗಿದ ಜಾಗ ಮಾತ್ರ ಕಪ್ಪಾಗಿ, ಉಳಿದ ಕಡೆ ಸಿಪ್ಪೆ ಹಾಗೇ ಉಳಿಯುತ್ತದೆ. ಓಟಿಜಿ (ಕರೆಂಟಿನ ಸಣ್ಣ ಓವನ್) ಇದ್ದರೆ 230 ಡಿಗ್ರಿಯಲ್ಲಿ ಸುಮಾರು 20 ನಿಮಿಷ, ಮಧ್ಯೆ ಒಮ್ಮೆ ಮಗುಚಬೇಕು. ಎರಡು ಮೂರು ಕಿಲೋ ಒಟ್ಟಿಗೆ ಸುಡಬೇಕಾದಾಗ ಇದು ಅನುಕೂಲ. ಸಿಪ್ಪೆ ಸಲೀಸಾಗಿ ಬರುತ್ತದೆ, ಬೆಂಕಿಯ ವಾಸನೆ ಮಾತ್ರ ಇರುವುದಿಲ್ಲ. ಏರ್ ಫ್ರೈಯರ್ ಕಥೆಯೂ ಇಷ್ಟೇ.

ಎಲ್ಲಿ ಸುಟ್ಟರೂ ಮುಂದಿನ ಕೆಲಸ ಒಂದೇ. ಬಿಸಿ ಇರುವಾಗಲೇ ಪಾತ್ರೆಗೆ ಹಾಕಿ ತಟ್ಟೆ ಮುಚ್ಚಿ, 10ರಿಂದ 15 ನಿಮಿಷ. ತನ್ನ ಹಬೆಯಲ್ಲೇ ಸಿಪ್ಪೆ ಸಡಿಲವಾಗುತ್ತದೆ. ಆಮೇಲೆ ಬೆರಳಿಂದ ಉಜ್ಜಿ ತೆಗೆಯಿರಿ. ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ, ಅಷ್ಟು ಕಷ್ಟಪಟ್ಟು ತಂದ ಹೊಗೆಯ ರುಚಿ ನೀರಿನೊಂದಿಗೆ ಹರಿದುಹೋಗುತ್ತದೆ. ಅಲ್ಲಲ್ಲಿ ಕಪ್ಪು ಚೂರು ಉಳಿದರೆ ಉಳಿಯಲಿ. ಖಾರ ಇರುವುದು ಬೀಜದಲ್ಲಿ ಅಂತ ತುಂಬಾ ಜನ ನಂಬಿದ್ದಾರೆ. ಅಸಲಿಗೆ ಅದು ಬೀಜ ಅಂಟಿಕೊಂಡಿರುವ ಬಿಳಿ ನಾರಿನಲ್ಲಿದೆ. ಖಾರ ಕಡಿಮೆ ಬೇಕಾದರೆ ಆ ನಾರನ್ನು ಕಿತ್ತು ತೆಗೆಯಬೇಕು. ಕೈಗೆ ಮೊದಲೇ ಎಣ್ಣೆ ಸವರಿಕೊಳ್ಳಿ. ಕಣ್ಣು ಮುಟ್ಟುವ ಮುಂಚೆ ಸೋಪು ಹಾಕಿ ಎರಡು ಸಲ ಕೈ ತೊಳೆಯಿರಿ.

ಕುರಿಯೋ, ಆಡೋ?

ಅಂಗಡಿಯಲ್ಲಿ "ಮಟನ್" ಅಂದರೆ ಎರಡೂ ಆಗಬಹುದು, ಕೇಳಿಯೇ ತೆಗೆದುಕೊಳ್ಳಿ. ಈ ಸಾರಿಗೆ ಕುರಿಯೇ ಬೇಕು. ಕಾರಣ ಕೊಬ್ಬು. ಮೆಣಸಿನಕಾಯಿಯ ಖಾರ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಕುರಿಯ ಕೊಬ್ಬು ಆ ಖಾರವನ್ನು, ಸುಟ್ಟ ಘಮವನ್ನು ಸಾರಿನ ತುಂಬ ಹರಡುತ್ತದೆ. ಆಡಿನ ಖಂಡದಲ್ಲಿ ಕೊಬ್ಬು ಕಡಿಮೆ, ಸಾರು ನೀರಾಗಿ ಖಾರ ಚುಚ್ಚುತ್ತದೆ. ಆಡೇ ಸಿಕ್ಕಿದರೆ ಒಂದು ಹಿಡಿ ಚರಬಿ ಬೇರೆ ಕೇಳಿ ಹಾಕಿಸಿಕೊಳ್ಳಿ.

ವಿದೇಶಿ ಪಾಕವಿಧಾನಗಳಲ್ಲಿ "ಕೊಬ್ಬು ಕತ್ತರಿಸಿ ಎಸೆಯಿರಿ" ಅಂತ ಇರುತ್ತದೆ. ಅದು ಅವರ ಕೊಬ್ಬಿದ ಕುರಿಗಳಿಗೆ. ಕೊಪ್ಪಳ, ರಾಯಚೂರು ಭಾಗದ ಕೆಂಗುರಿ, ನಮ್ಮ ಬಳ್ಳಾರಿ ತಳಿ, ಇವೆಲ್ಲ ಬಿಸಿಲಲ್ಲಿ ಮೈಲಿಗಟ್ಟಲೆ ನಡೆದು ಮೇಯುವ ಕುರಿಗಳು. ಮೈಮೇಲೆ ಅಷ್ಟು ಕೊಬ್ಬು ಇರುವುದಿಲ್ಲ. ಇದ್ದಷ್ಟನ್ನೂ ಇಟ್ಟುಕೊಳ್ಳಿ.

ಮರಿಯೋ ಬಲಿತದ್ದೋ ಅನ್ನುವುದು ನಿಮ್ಮ ಕೈಲಿರುವ ಹೊತ್ತಿನ ಮೇಲೆ. ವರ್ಷದೊಳಗಿನ ಮರಿಯ ಖಂಡ ತಿಳಿ ಕೆಂಪು, ಕೊಬ್ಬು ಬೆಳ್ಳಗೆ, ಬೇಗ ಬೇಯುತ್ತದೆ. ಬಲಿತ ಕುರಿಯ ಖಂಡ ಕಡು ಕೆಂಪು, ಹೊತ್ತು ಹಿಡಿಯುತ್ತದೆ, ಆದರೆ ಸಾರಿಗೆ ಮೈ ಬರುವುದು ಇದರಿಂದಲೇ. ಪುರುಸೊತ್ತಿನ ಭಾನುವಾರವಾದರೆ ನಾನು ಬಲಿತದ್ದನ್ನೇ ತರುತ್ತೇನೆ.

ಯಾವ ಭಾಗ ಅನ್ನುವುದರಲ್ಲಿ ದಾಕ್ಷಿಣ್ಯ ಬೇಡ. ತೊಡೆ ಎಲ್ಲರಿಗೂ ಇಷ್ಟ, ದುಬಾರಿ ಕೂಡ, ಆದರೆ ಹೊತ್ತು ಕುದಿಸಿದರೆ ಒಣಗಿ ನಾರಾಗುತ್ತದೆ. ಮುಂಗಾಲು, ಭುಜ, ಕುತ್ತಿಗೆ ಇವು ಸರಿ. ಇವುಗಳಲ್ಲಿ ಜಡಕು ಜಾಸ್ತಿ. ಹೊತ್ತು ಬೆಂದಾಗ ಅದೇ ಕರಗಿ ಸಾರು ತುಟಿಗೆ ಅಂಟುವಷ್ಟು ಗಟ್ಟಿಯಾಗುತ್ತದೆ. ಎರಡು ನಲ್ಲಿ ಎಲುಬು ಸೇರಿದರೆ ಇನ್ನೂ ಒಳ್ಳೆಯದು. ಬೋನ್‌ಲೆಸ್ ತರಲೇಬೇಡಿ. ನಮ್ಮ ಅಂಗಡಿಗಳಲ್ಲಿ ಕೇಳದಿದ್ದರೆ ಸಣ್ಣ ಸಣ್ಣ ತುಂಡು ಮಾಡಿಬಿಡುತ್ತಾರೆ. "ಭಾಯ್, ಮುಂಗಾಲಿಂದು ಕೊಡ್ರಿ, ತುಂಡು ದೊಡ್ಡವೇ ಇರ್ಲಿ" ಅಂತ ಮೊದಲೇ ಹೇಳಿ. ಎರಡು ಇಂಚಿನ ತುಂಡು ಸರಿ.

ಕುಕ್ಕರೋ, ಬೋಗುಣಿಯೋ?

ಇಲ್ಲಿ ಒಂದು ಲೆಕ್ಕ ತಿಳಿದಿರಲಿ. ನ್ಯೂ ಮೆಕ್ಸಿಕೋದ ರಾಜಧಾನಿ ಸಾಂಟಾ ಫೆ ಸಮುದ್ರ ಮಟ್ಟದಿಂದ 2,100 ಮೀಟರ್‌ಗೂ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಬಳ್ಳಾರಿ 500 ಮೀಟರ್‌ಗಿಂತ ಕೆಳಗೆ, ಇಲ್ಲಿ 98 ಡಿಗ್ರಿಯ ಆಸುಪಾಸು. ಅಲ್ಲಿಯವರು ಬರೆದ ಮೂರು ಗಂಟೆ ನಮಗೆ ಬೇಕಾಗುವುದಿಲ್ಲ. ದಪ್ಪ ತಳದ ಬೋಗುಣಿಯಲ್ಲಿ ಮರಿಗೆ ಒಂದೂಕಾಲು ಗಂಟೆ, ಬಲಿತ ಕುರಿಗೆ ಎರಡರಿಂದ ಎರಡೂವರೆ ಗಂಟೆ. ಕುಕ್ಕರಿನಲ್ಲಿ ಒತ್ತಡದಿಂದ ಬಿಸಿ 120 ಡಿಗ್ರಿ ಮುಟ್ಟುತ್ತದೆ. ಮೊದಲ ಸೀಟಿ ಆದ ಮೇಲೆ ಸಣ್ಣ ಉರಿಯಲ್ಲಿ ಮರಿಗೆ 12ರಿಂದ 15 ನಿಮಿಷ, ಬಲಿತದ್ದಕ್ಕೆ 25 ನಿಮಿಷ. ಸೀಟಿ ಎಣಿಸುವುದಕ್ಕಿಂತ ಗಡಿಯಾರ ನೋಡುವುದು ವಾಸಿ.

ಬೋಗುಣಿಯ ಸಾರು ರುಚಿ, ಒಪ್ಪುತ್ತೇನೆ. ಆದರೆ ಮೇ ತಿಂಗಳಲ್ಲಿ ರಾಯಚೂರಿನ 42 ಡಿಗ್ರಿ ಬಿಸಿಲಿಗೆ ಎರಡೂವರೆ ಗಂಟೆ ಒಲೆ ಮುಂದೆ ನಿಲ್ಲಿ ಅಂತ ಯಾರಿಗೂ ಹೇಳಲಾರೆ. ಬೇಸಿಗೆಗೆ ಕುಕ್ಕರ್, ಚಳಿಗಾಲಕ್ಕೆ ಬೋಗುಣಿ. ಕುಕ್ಕರ್ ಬಳಸುವವರು ಒಂದು ಎಚ್ಚರ ವಹಿಸಬೇಕು: ಸುಟ್ಟ ಕಾಯಿಯನ್ನೆಲ್ಲ ಒಳಗೆ ಹಾಕಿ ಮುಚ್ಚಿದರೆ ಹೊಗೆಯ ಘಮ ಪೂರ್ತಿ ಕಳೆದುಹೋಗುತ್ತದೆ. ಅರ್ಧ ಮೊದಲು, ಅರ್ಧ ಮುಚ್ಚಳ ತೆಗೆದ ಮೇಲೆ. ಮೊದಲ ಅರ್ಧ ಕರಗಿ ಸಾರಾಗುತ್ತದೆ, ಎರಡನೆಯದು ಬಾಯಿಗೆ ಸಿಗುತ್ತದೆ. ಬೋಗುಣಿಯಲ್ಲೂ ನಾನು ಹೀಗೇ ಮಾಡುವುದು.

ನನ್ನ ಅಳತೆ

ಎಲುಬು ಸಮೇತ ಒಂದು ಕಿಲೋ ಕುರಿ ಖಂಡ. 400 ಗ್ರಾಂ ಬಜ್ಜಿ ಮೆಣಸಿನಕಾಯಿ, ಒಂದು ದೊಡ್ಡ ದೊಣ್ಣೆ ಮೆಣಸಿನಕಾಯಿ, ಮೂರು ಸಣ್ಣ ಹಸಿಮೆಣಸಿನಕಾಯಿ. ಮೂರು ಉಳ್ಳಾಗಡ್ಡಿ, 12 ಎಸಳು ಬೆಳ್ಳುಳ್ಳಿ, ಮೂರು ಆಲೂಗಡ್ಡೆ, ಒಂದು ಟೊಮೆಟೊ. ಒಂದೂವರೆ ಚಮಚ ಹುರಿದು ಪುಡಿ ಮಾಡಿದ ಜೀರಿಗೆ, ಒಂದು ಚಮಚ ಹವೀಜದ ಪುಡಿ, ಉಪ್ಪು.

ಖಂಡವನ್ನು ಬಟ್ಟೆಯಿಂದ ಒತ್ತಿ ಒಣಗಿಸಿ, ಕಾದ ಎಣ್ಣೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಎಲ್ಲ ಕಡೆ ಕಂದು ಬಣ್ಣ ಬರುವಂತೆ ಹುರಿಯಿರಿ. ಒಟ್ಟಿಗೇ ಸುರಿದರೆ ನೀರು ಬಿಟ್ಟುಕೊಂಡು ಬೇಯುತ್ತದೆ, ಹುರಿಯುವುದಿಲ್ಲ. ಈ ಸಾರಿಗೆ ಮಸಾಲೆ ಇಲ್ಲ, ಹುರಿದ ಬಣ್ಣವೇ ಮಸಾಲೆ, ಹಾಗಾಗಿ ಇಲ್ಲಿ ಅವಸರ ಬೇಡ. ಖಂಡ ತೆಗೆದು ಅದೇ ಎಣ್ಣೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಾಡಿಸಿ, ಜೀರಿಗೆ, ಹವೀಜದ ಪುಡಿ ಹಾಕಿ. ಖಂಡ, ಅರ್ಧ ಮೆಣಸಿನಕಾಯಿ, ಉಪ್ಪು, ಬಿಸಿ ನೀರು ಸೇರಿಸಿ. ಬೋಗುಣಿಗೆ ಒಂದೂಕಾಲು ಲೀಟರ್ ನೀರು, ಕುಕ್ಕರಿಗೆ ಮುಕ್ಕಾಲು ಲೀಟರ್ ಸಾಕು.

ಖಂಡ ಬೆಂದ ಮೇಲೆ ಆಲೂಗಡ್ಡೆ ಹಾಕಿ, 15-20 ನಿಮಿಷ ಸಣ್ಣ ಉರಿ. ಆಲೂಗಡ್ಡೆ ಬೆಂದ ಮೇಲೆಯೇ ಟೊಮೆಟೊ. ಹುಳಿ ಮೊದಲೇ ಬಿದ್ದರೆ ಆಲೂಗಡ್ಡೆ ಬೇಗ ಮೆತ್ತಗಾಗುವುದಿಲ್ಲ. ಉಳಿದ ಮೆಣಸಿನಕಾಯಿಯನ್ನು ಉದ್ದುದ್ದ ಸೀಳಿ ಕೊನೆಯ ಹತ್ತು ನಿಮಿಷಕ್ಕೆ ಹಾಕಿ. ಅಲ್ಲಿಯವರು ಒರೆಗಾನೊ ಉದುರಿಸುತ್ತಾರೆ. ಪಿಜ್ಜಾ ಜೊತೆ ಬಂದ ಪೊಟ್ಟಣ ಇದ್ದರೆ ಹಾಕಿ, ಇಲ್ಲದಿದ್ದರೆ ಕುಂಡದಲ್ಲಿರುವ ದೊಡ್ಡಪತ್ರೆಯ ಎರಡು ಎಲೆ ಹೆಚ್ಚಿ ಹಾಕಿ. ಎರಡರ ಘಮವೂ ಹತ್ತಿರ ಹತ್ತಿರ. ಕೊತ್ತಂಬರಿ, ಅರ್ಧ ನಿಂಬೆಹಣ್ಣು, ಮುಗಿಯಿತು.

ತೆಳು ಅನಿಸಿದರೆ ನಾಲ್ಕು ಹೋಳು ಆಲೂಗಡ್ಡೆ ಹಿಸುಕಿ ಬಿಡಿ. ಪುಟಾಣಿ ಹಿಟ್ಟು ಹಾಕಿದರೆ ಗಟ್ಟಿಯಾಗುತ್ತದೆ, ರುಚಿ ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಖಾರ ಜಾಸ್ತಿಯಾದರೆ ನೀರು ಸುರಿಯಬೇಡಿ, ಇನ್ನೊಂದು ಆಲೂಗಡ್ಡೆ ಹಾಕಿ, ತಾಟಿನ ಪಕ್ಕ ಗಟ್ಟಿ ಮೊಸರು ಇಡಿ.

ಜೊತೆಗೆ ಏನು? ಅಲ್ಲಿ ಗೋಧಿಯ ಟೊರ್ಟಿಯಾ. ಚಪಾತಿ ಅದಕ್ಕೆ ಹತ್ತಿರ, ಆದರೆ ಈ ಸಾರು ಹೀರಿಕೊಳ್ಳಲು ಬಿಸಿ ಜೋಳದ ರೊಟ್ಟಿಯೇ ಸೈ. ಕಟಕ್ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ತಿನ್ನುವವರೂ ಇದ್ದಾರೆ, ಅದೂ ಚೆನ್ನಾಗಿರುತ್ತದೆ. ಗಂಗಾವತಿ ಸೋನಾ ಮಸೂರಿ ಅನ್ನಕ್ಕೆ ಸ್ವಲ್ಪ ತೆಳುವಾಗಿ ಮಾಡಿಕೊಳ್ಳಿ.

ಕಾಯಿ ಅಗ್ಗವಾದಾಗ ಒಟ್ಟಿಗೆ ಎರಡು ಮೂರು ಕಿಲೋ ಸುಟ್ಟು ಇಟ್ಟುಕೊಳ್ಳಬಹುದು. ನ್ಯೂ ಮೆಕ್ಸಿಕೋದಲ್ಲಿ ಸುಗ್ಗಿಯ ಹೊತ್ತಿಗೆ ಮನೆಯವರು ಚೀಲಗಟ್ಟಲೆ ಕೊಂಡು, ಬೆಂಕಿಯ ಮೇಲೆ ತಿರುಗುವ ಜಾಳಿಗೆ ಡ್ರಮ್ಮಿನಲ್ಲಿ ಸುಡಿಸಿ, ವರ್ಷಕ್ಕಾಗುವಷ್ಟು ಫ್ರೀಜರಿಗೆ ತುಂಬುತ್ತಾರೆ. ಒಂದು ಸಲಕ್ಕೆ ಬೇಕಾಗುವಷ್ಟನ್ನು ಒಂದೊಂದು ಕವರಿನಲ್ಲಿ, ಗಾಳಿ ಹೊರಗೆ ಒತ್ತಿ ಕಟ್ಟಿಡಿ. ಸಿಪ್ಪೆ ಸುಲಿಯಲು ಆ ದಿನ ಬೇಸರವಾದರೆ ಸಿಪ್ಪೆ ಸಮೇತವೇ ಇಡಿ. ಆಮೇಲೆ ಹೊರಗೆ ತೆಗೆದು ಕರಗಲು ಬಿಟ್ಟರೆ ಬೆರಳು ತಾಗಿಸಿದ ಕೂಡಲೇ ಸಿಪ್ಪೆ ಜಾರಿ ಬರುತ್ತದೆ.